ಡಿಕೋಡ್ ಮಾಡದೆ ಬಿಟ್ಟ ಡಾಲ್ಬಿ

ಕಂಪ್ರೆಷನ್ ಅಂದ್ರೆ ಜೋರು ದನಿ ತಗ್ಗಿಸೋದು ಅಂತ ತಿಳ್ಕೊಂಡಿರ್ತೀವಿ. ಅಪ್‌ವರ್ಡ್ ಕಂಪ್ರೆಷನ್ ಇದರ ಉಲ್ಟಾ: ಜೋರು ದನಿ ಹಾಗೇ ಇರುತ್ತೆ, ಮೆಲುದನಿ ಮೇಲೇಳುತ್ತೆ.

ಯುನೆಸ್ಕೋ ಸಲಹೆಗಾರರಾಗಿ ಎರಡು ವರ್ಷ ಭಾರತದಲ್ಲಿದ್ದ ರೇ ಡಾಲ್ಬಿ, 1965ರಲ್ಲಿ ಲಂಡನ್‌ನಲ್ಲಿ ಕಂಪನಿ ಶುರು ಮಾಡಿದರು. ಅವರ ಡಾಲ್ಬಿ-ಎ ರೆಕಾರ್ಡಿಂಗಲ್ಲಿ ಮೆಲುದನಿಯನ್ನು ಸುಮಾರು 10 ಡೆಸಿಬೆಲ್ ಎತ್ತುತ್ತಿತ್ತು, ಕೇಳುವಾಗ ಅಷ್ಟೇ ಇಳಿಸುತ್ತಿತ್ತು. ನಡುವೆ ಟೇಪು ಸೇರಿಸಿದ 'ಹಿಸ್' ಸದ್ದೂ ಜೊತೆಗೇ ಇಳಿಯುತ್ತಿತ್ತು. ನಮ್ಮ ಭಾಷೇಲಿ ಎನ್‌ಕೋಡ್, ಡಿಕೋಡ್.

ಕೆಲವು ಮಿಕ್ಸಿಂಗ್ ಎಂಜಿನಿಯರುಗಳು ಡಿಕೋಡನ್ನೇ ಬಿಟ್ಟರು! ಗಾಯಕರ ದನಿಯ ಮೇಲಿನ ಬ್ಯಾಂಡುಗಳನ್ನಷ್ಟೇ ಎತ್ತಿ ಮೂಲದ ಜೊತೆ ಬೆರೆಸಿದರು. ಉಸಿರೂ ಹತ್ತಿರ ಕೇಳಿಸಿತು.

ಆದರೆ ಮೆಲುದನಿ ಎತ್ತಿದರೆ ರೂಮಿನ ಸದ್ದೂ ಏಳುತ್ತೆ. ಅದಕ್ಕೇ ನಾನು ಹೇಳೋದಿಷ್ಟೆ: ಪಿಜಿ ರೂಮಲ್ಲಿ ಹಾಡು ರೆಕಾರ್ಡ್ ಮಾಡ್ತೀರಾ? ಪ್ಲಗಿನ್ ಆಮೇಲೆ, ಮೊದಲು ಫ್ಯಾನ್ ಆಫ್ ಮಾಡಿ.