ಟ್ರಾಂ ಓಡಿದ್ದು ಮುಂಬಯಿಯಲ್ಲಿ, ಪಾಠ ಇರೋದು ಕುಮಟಾಕ್ಕೆ

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರು ಊರಿನಲ್ಲಿ ಯಾವತ್ತೂ ಟ್ರಾಂ ಓಡಿಲ್ಲ. ಟ್ರಾಲಿ ಬಸ್ಸೂ ಓಡಿಲ್ಲ. ಹಾಗಿದ್ದಮೇಲೆ ಈ ಊರುಗಳ ಹೆಸರು ಹಿಡಿದು ಟ್ರಾಂ ಕಥೆ ಯಾಕೆ ಹೇಳ್ತೀರಿ ಅಂತ ನೀವು ಕೇಳಬಹುದು.

ಕಾರಣ ಇದೆ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆ ಹತ್ತಿ ವ್ಯಾಪಾರದ ಲೆಕ್ಕಾಚಾರವಿತ್ತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗು ಹತ್ತುತ್ತಿತ್ತು. ಆಗಿನಿಂದ 1956ರ ಏಕೀಕರಣದವರೆಗೂ ಈ ಕರಾವಳಿಗೆ ರಾಜಧಾನಿ ಅಂದ್ರೆ ಮುಂಬಯಿ. ಕೆಲಸಕ್ಕೆ, ಓದಿಗೆ, ವ್ಯಾಪಾರಕ್ಕೆ ಅಲ್ಲಿಗೆ ಹೋದ ನಮ್ಮವರು ನಗರ ಸಾರಿಗೆ ಅಂತ ನೋಡಿದ್ದು ಮುಂಬಯಿಯ ಟ್ರಾಂ.

ಆ ಟ್ರಾಂ ಹೊರಟಿದ್ದು 1874ರ ಮೇ 9ರಂದು. ಎಳೆಯುತ್ತಿದ್ದದ್ದು ಕುದುರೆಗಳು. 1907ರಲ್ಲಿ ಕುದುರೆಯ ಜಾಗಕ್ಕೆ ವಿದ್ಯುತ್ ಬಂತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಹೋದದ್ದೇ ಕೊನೆಯ ಟ್ರಾಂ. ಅದಕ್ಕೂ ಎರಡು ವರ್ಷ ಮೊದಲು, 1962ರ ಜೂನ್ 11ರಂದು, ಅದೇ ಮುಂಬಯಿಯಲ್ಲಿ ಗೊವಾಲಿಯಾ ಟ್ಯಾಂಕಿನಿಂದ ಮಜಗಾಂವ್ ಡಾಕಿಗೆ ಟ್ರಾಲಿ ಬಸ್ ಶುರುವಾಗಿತ್ತು. ಅದು 1971ರಲ್ಲಿ ಮುಗಿದುಹೋಯ್ತು.

ಲೆಕ್ಕ ಹಾಕಿ. ಟ್ರಾಂ ಬಾಳಿದ್ದು ತೊಂಬತ್ತು ವರ್ಷ. ಟ್ರಾಲಿ ಬಸ್ ಬಾಳಿದ್ದು ಒಂಬತ್ತು ವರ್ಷ. ಯಾಕೆ ಹೀಗಾಯ್ತು?

ಮೊದಲು ಎರಡಕ್ಕೂ ಇರುವ ವ್ಯತ್ಯಾಸ ತಿಳಿದುಕೊಳ್ಳೋಣ. ಟ್ರಾಂ ಅಂದ್ರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಮೇಲಿನ ಒಂದೇ ತಂತಿಯಿಂದ ಕರೆಂಟು ಬರುತ್ತದೆ, ಹಳಿಯ ಮೂಲಕ ವಾಪಸ್ ಹೋಗುತ್ತದೆ. ಟ್ರಾಲಿ ಬಸ್ಸಿಗೆ ಹಳಿ ಇಲ್ಲ, ರಬ್ಬರ್ ಟೈರು. ರಬ್ಬರಿನಲ್ಲಿ ಕರೆಂಟು ಹರಿಯೋದಿಲ್ಲ. ಹಾಗಾಗಿ ಮೇಲೆ ಎರಡು ತಂತಿ, ಬಸ್ಸಿನ ನೆತ್ತಿಯ ಮೇಲೆ ಎರಡು ಕೋಲು.

ಉಕ್ಕಿನ ಮೇಲೆ ಉಕ್ಕು ಉರುಳಿದರೆ ಘರ್ಷಣೆ ಕಡಿಮೆ, ಶಕ್ತಿ ಉಳಿಯುತ್ತದೆ. ಡಬ್ಬಿಗೆ ಡಬ್ಬಿ ಜೋಡಿಸಿ ಹೆಚ್ಚು ಜನರನ್ನು ಒಯ್ಯಬಹುದು. ಆದರೆ ಒಂದು ಟ್ರಾಂ ಕೆಟ್ಟು ನಿಂತರೆ ಹಿಂದಿನದೆಲ್ಲ ಸಾಲಾಗಿ ನಿಂತ ಹಾಗೆಯೇ. ಟ್ರಾಲಿ ಬಸ್ ಹಾಗಲ್ಲ. ಎದುರಿಗೆ ಎತ್ತಿನ ಗಾಡಿ ಬಂದರೆ ಸ್ವಲ್ಪ ಪಕ್ಕಕ್ಕೆ ಸರಿದು ಹೋಗುತ್ತದೆ, ಏರು ರಸ್ತೆಯನ್ನೂ ಸಲೀಸಾಗಿ ಹತ್ತುತ್ತದೆ. ರಸ್ತೆ ಅಗೆದು ಹಳಿ ಹಾಕುವ ಖರ್ಚೂ ಇಲ್ಲ.

ಹಾಗಿದ್ದರೆ ಟ್ರಾಲಿ ಬಸ್ಸೇ ಗೆಲ್ಲಬೇಕಿತ್ತಲ್ವಾ? ಗೆಲ್ಲಲಿಲ್ಲ. ನನ್ನ ಪ್ರಕಾರ ಕಾರಣ ಇದು: ಹಳಿ ಅಂದ್ರೆ ಸರ್ಕಾರ ಜನರಿಗೆ ಬರೆದುಕೊಟ್ಟ ಮಾತು. ಒಮ್ಮೆ ಹಾಕಿದ ಮೇಲೆ ಗಾಡಿ ಓಡಿಸಲೇಬೇಕು. ಅದನ್ನು ನಂಬಿ ಜನ ಮನೆ ಮಾಡ್ತಾರೆ, ಅಂಗಡಿ ಇಡ್ತಾರೆ. ಮುಂಬಯಿ ಟ್ರಾಲಿ ಬಸ್ಸಿಗೆ ತಂದದ್ದು 12 ಗಾಡಿ. ಹನ್ನೆರಡು ಗಾಡಿಗೋಸ್ಕರ ಬೇರೆ ತಂತಿ, ಬೇರೆ ಬಿಡಿಭಾಗ, ಬೇರೆ ಮೆಕ್ಯಾನಿಕ್ಕು ಎಷ್ಟು ದಿನ ಇಟ್ಟುಕೊಳ್ತಾರೆ? ಅರೆಮನಸ್ಸಿನಿಂದ ಕಟ್ಟಿದ್ದನ್ನು ಬಿಚ್ಚೋದು ಬಹಳ ಸುಲಭ. ಮನಸ್ಸಿಟ್ಟು ಮಾಡಿದ ಊರುಗಳೂ ಇವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಟ್ರಾಂ, ಟ್ರಾಲಿ ಬಸ್ ಎರಡೂ ಇಂದಿಗೂ ಓಡುತ್ತಿವೆ. ಹೆಚ್ಚು ಜನ ಇರೋ ದಾರಿಗೆ ಟ್ರಾಂ, ಅದಕ್ಕಿಂತ ಕಡಿಮೆ ಇರೋ ದಾರಿಗೆ ಟ್ರಾಲಿ ಬಸ್.

ಇನ್ನು ತೊಂಬತ್ತು ವರ್ಷ ಬಾಳಿದ ಟ್ರಾಂ ಯಾಕೆ ಹೋಯ್ತು? ನಿಧಾನ, ರಸ್ತೆಗೆ ಅಡ್ಡ ಅಂದರು. ನೂರು ಜನರನ್ನು ಹೊತ್ತ ಟ್ರಾಂ ಅಡ್ಡವಂತೆ, ಒಬ್ಬನನ್ನು ಹೊತ್ತ ಕಾರು ಅಡ್ಡ ಅಲ್ಲವಂತೆ! ಮದ್ರಾಸಿನಲ್ಲಿ 1895ರಿಂದ ಓಡಿದ್ದ ವಿದ್ಯುತ್ ಟ್ರಾಂ ಕೂಡ 1953ರಲ್ಲಿ ನಿಂತಿತು. ಸೋತಿದ್ದು ಯಂತ್ರ ಅಲ್ಲ ಸ್ವಾಮಿ. ರಸ್ತೆ ಯಾರದ್ದು ಅನ್ನೋ ಜಗಳದಲ್ಲಿ ಸೋತಿದ್ದು ಟಿಕೆಟ್ ತಗೊಂಡು ಕೂತಿದ್ದ ಜನ.

ಈಗ ನಮ್ಮ ಕರಾವಳಿಗೆ ಬನ್ನಿ. ಮುಂಬಯಿಯ ಟ್ರಾಂ ನಿಂತ ಅದೇ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲೇ ಇವತ್ತು 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಇದೆ. ನದಿ ಇಲ್ಲಿಯದು, ಮುಳುಗಿದ ನೆಲ ಇಲ್ಲಿಯದು, ಕರೆಂಟು ನಾಡಿಗೆಲ್ಲ. ಆದರೆ ಭಟ್ಕಳದಿಂದ ಕುಮಟಾಕ್ಕೆ, ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್, ಕಾಲೇಜಿಗೋ ಆಸ್ಪತ್ರೆಗೋ ಹೋಗಬೇಕಾದವರು ಹೆದ್ದಾರಿ ಬದಿಯಲ್ಲಿ ನಿಂತು ಡೀಸೆಲ್ ಬಸ್ಸು, ಟೆಂಪೋ ಕಾಯಬೇಕು.

ಹಳಿ ಇಲ್ಲವಾ? ಇದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ದೇಶಕ್ಕೆ ಸಮರ್ಪಣೆಯಾಯ್ತು. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಹೆಚ್ಚು, ಹೊನ್ನಾವರದ ಶರಾವತಿಯ ಮೇಲೇ ಇದೆ. ತಂತಿ ಇಲ್ಲವಾ? ಅದೂ ಇದೆ. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣವಾಯ್ತು. ಟ್ರಾಂಗೆ ಬೇಕಾಗಿದ್ದ ಹಳಿ, ತಂತಿ ಎರಡೂ ಮೂರೂ ಊರಿನ ಪಕ್ಕದಲ್ಲೇ ಇವೆ. ಆದರೆ ದೂರದ ಊರಿನ ರೈಲುಗಳೇ ಜಾಸ್ತಿ, ಊರಿಂದ ಊರಿಗೆ ನಿಲ್ಲಿಸುತ್ತಾ ಹೋಗುವ ಲೋಕಲ್ಲು ಬೆರಳೆಣಿಕೆ. ಇಲ್ಲಿ ಜೋಡಿ ಹಳಿಯೂ ಇಲ್ಲ. ಎದುರಿನ ಗಾಡಿಗೆ ದಾರಿ ಬಿಟ್ಟು ಕಾಯಲೇಬೇಕು.

ಹೊನ್ನಾವರಕ್ಕೆ ಟ್ರಾಂ ಕೊಡಿ ಅಂತ ನಾನು ಹೇಳ್ತಿಲ್ಲ. ಅಷ್ಟು ಜನಸಂದಣಿ ಇಲ್ಲಿಲ್ಲ. ಟ್ರಾಂ ಮುಂಬಯಿಯ ಜನರಿಗೆ ಏನು ಕೊಟ್ಟಿತ್ತೋ ಅದನ್ನು ಕೊಡಿ ಅಂತಿದ್ದೀನಿ. ಅಂದ್ರೆ, ಗಾಡಿ ಬಂದೇ ಬರುತ್ತೆ ಅನ್ನೋ ಭರವಸೆ. ಜೋಡಿ ಹಳಿ ಹಾಕಿ, ಲೋಕಲ್ ರೈಲು ಹೆಚ್ಚಿಸಿ, ಪ್ರತಿ ರೈಲಿಗೂ ನಿಲ್ದಾಣದಿಂದ ಪೇಟೆಗೆ ಬಸ್ಸು ಜೋಡಿಸಿ. ಆ ಬಸ್ಸು ಬ್ಯಾಟರಿಯದ್ದಾದರೆ ಇನ್ನೂ ಒಳ್ಳೆಯದು. ಅದೂ ಟ್ರಾಲಿ ಬಸ್ಸಿನ ವಂಶದ್ದೇ, ಕರೆಂಟನ್ನು ತಂತಿಯ ಬದಲು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತೆ, ಅಷ್ಟೇ. ಆದರೆ ಹಸಿರು ಬಾವುಟ ತೋರಿಸಿ ಫೋಟೋ ತೆಗೆಸಿಕೊಳ್ಳೋಕೆ ನಾಲ್ಕು ಬಸ್ ತರಬೇಡಿ. ಮುಂಬಯಿಯ ಆ ಹನ್ನೆರಡು ಗಾಡಿ ಏನಾಯ್ತು ಅಂತ ನೋಡಿದ್ದೀವಿ.

ಮುಂದಿನ ಸಲ ಮತ ಕೇಳಿಕೊಂಡು ಬಂದವರು ರಸ್ತೆ ಅಗಲ ಮಾಡ್ತೀವಿ ಅಂದಾಗ, ನೀವು ಒಂದೇ ಒಂದು ಪ್ರಶ್ನೆ ಕೇಳಿ. ಅಗಲ ಮಾಡಿ, ಬೇಡ ಅನ್ನಲ್ಲ. ಆ ರಸ್ತೆ ಮೇಲೆ ನಮ್ಮ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತೆ?