ವಾಕ್ ಚಿಕಿತ್ಸೆಯಲ್ಲಿ ಎಂ.ಎಸ್ಸಿ.: ಅರ್ಜಿ ಹಾಕುವ ಗಡಿನಾಡಿನ ಮಕ್ಕಳಿಗೆ ಮಾಹಿತಿ



ನಮ್ಮ ಸದಸ್ಯರೊಬ್ಬರ ಮೊಮ್ಮಗನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಹತ್ತಿರದ ಪಟ್ಟಣದಲ್ಲಿ ತೋರಿಸಿದರು. ಮನೆಯಲ್ಲಿ ಕನ್ನಡ ಬಿಟ್ಟು ಶಾಲೆಯ ಭಾಷೆಯೊಂದನ್ನೇ ಆಡಿ ಎಂದು ಅಲ್ಲಿ ಹೇಳಿ ಕಳಿಸಿದರು. ಆ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಅಜ್ಜಿ. ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಹೀಗಾಗಿ ಕೆಲವು ತಿಂಗಳು ಅಜ್ಜಿ ಮೊಮ್ಮಗನ ನಡುವೆ ಮಾತೇ ನಿಂತುಹೋಯಿತು. ಕೊನೆಗೆ ಕನ್ನಡ ಬಲ್ಲ ಚಿಕಿತ್ಸಕರೊಬ್ಬರು ಸಿಕ್ಕಿದರು. ಅವರು ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಅಜ್ಜಿಯನ್ನೇ ಎದುರು ಕೂರಿಸಿಕೊಂಡು ಕನ್ನಡದಲ್ಲೇ ಅಭ್ಯಾಸ ಶುರು ಮಾಡಿಸಿದರು.

ಎರಡು ಭಾಷೆ ಕೇಳುವುದರಿಂದ ಮಗುವಿಗೆ ಮಾತಿನ ದೋಷ ಬರುವುದಿಲ್ಲ. ಮನೆಯ ಭಾಷೆಯನ್ನು ನಿಲ್ಲಿಸಿದರೆ ಮಗುವಿನ ಕಿವಿಗೆ ಬೀಳುವ ಮಾತು ಕಡಿಮೆಯಾಗುತ್ತದೆ, ಅಷ್ಟೇ. ಕಾಸರಗೋಡಿನಿಂದ ಜತ್ತದವರೆಗೆ ಗಡಿಯ ಉದ್ದಕ್ಕೂ ನಮ್ಮ ಮಕ್ಕಳು ಎರಡು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ಅವರ ಮನೆಮಾತು ಬಲ್ಲ ಚಿಕಿತ್ಸಕರು ನಮ್ಮ ಊರುಗಳಿಂದಲೇ ಬರಬೇಕು. ಈ ವಿಷಯ ಸಭೆಯಲ್ಲಿ ಬಂದಾಗ ಬಿ.ಎ.ಎಸ್.ಎಲ್.ಪಿ. ಓದುತ್ತಿರುವ ಮಕ್ಕಳ ಹೆತ್ತವರು ಮುಂದಿನ ದಾರಿ ಕೇಳಿದರು. ಅವರಿಗಾಗಿ ಮತ್ತು ಎಲ್ಲರಿಗಾಗಿ ಈ ಮಾಹಿತಿಯನ್ನು ಒಂದು ಕಡೆ ಬರೆದಿಟ್ಟಿದ್ದೇವೆ.

ಇದು ಯಾವ ಓದು?

ಉಗ್ಗು, ಉಚ್ಚಾರದ ತೊಂದರೆ, ತಡವಾಗಿ ಬರುವ ಮಾತು, ಸೀಳು ತುಟಿ ಮತ್ತು ಸೀಳು ಅಂಗುಳದ ಮಕ್ಕಳ ಮಾತು, ಆಟಿಸಂ ಇರುವ ಮಕ್ಕಳ ಸಂವಹನ, ಶಿಕ್ಷಕರಲ್ಲಿ ಹೆಚ್ಚಾಗಿ ಕಾಣುವ ದನಿಯ ತೊಂದರೆ ಇವೆಲ್ಲ ವಾಕ್ ಮತ್ತು ಭಾಷಾ ಚಿಕಿತ್ಸಕರ ಕೆಲಸ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವುದು, ನುಂಗಲು ಕಷ್ಟಪಡುವವರಿಗೆ ನೆರವಾಗುವುದು ಕೂಡ ಇದರಲ್ಲಿ ಸೇರಿದೆ.

ಬಿ.ಎ.ಎಸ್.ಎಲ್.ಪಿ. ಪದವಿಯಲ್ಲಿ ಶ್ರವಣ ಮತ್ತು ಮಾತು ಎರಡನ್ನೂ ಕಲಿಸುತ್ತಾರೆ. ಇದು ಇಂಟರ್ನ್‌ಶಿಪ್ ಸೇರಿ 4 ವರ್ಷ. ಎಂ.ಎಸ್ಸಿ.ಯಲ್ಲಿ ದಾರಿ ಎರಡಾಗುತ್ತದೆ: ಒಂದು ಆಡಿಯಾಲಜಿ, ಇನ್ನೊಂದು ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಇದು 2 ವರ್ಷದ ಓದು. ಪಾಠದ ಜೊತೆಗೆ ಕ್ಲಿನಿಕ್ ಕೆಲಸ ಮತ್ತು ಪ್ರಬಂಧವೂ ಇರುತ್ತದೆ. ಕೆಲವು ಕಾಲೇಜುಗಳು ಎರಡನ್ನೂ ಸೇರಿಸಿ ಎಂ.ಎ.ಎಸ್.ಎಲ್.ಪಿ. ಎಂದು ನಡೆಸಿಕೊಂಡು ಬಂದಿವೆ. ಅರ್ಜಿಯಲ್ಲಿ ಯಾವುದಕ್ಕೆ ಗುರುತು ಹಾಕುತ್ತಿದ್ದೇವೆ ಎಂದು ಎರಡು ಸಲ ನೋಡಬೇಕು.

ಯಾರು ಅರ್ಜಿ ಹಾಕಬಹುದು?

ಮನಶ್ಶಾಸ್ತ್ರ, ಭಾಷಾಶಾಸ್ತ್ರ ಅಥವಾ ನರ್ಸಿಂಗ್ ಓದಿದವರೂ ಸೇರಬಹುದೇ ಎಂದು ಹಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಈ ಎಂ.ಎಸ್ಸಿ.ಗೆ ಬಿ.ಎ.ಎಸ್.ಎಲ್.ಪಿ. ಅಥವಾ ಅದಕ್ಕೆ ಸಮಾನವಾದ ವಾಕ್ ಶ್ರವಣ ಪದವಿಯೇ ಬೇಕು. ಆದ್ದರಿಂದ ಪಿಯುಸಿ ಮಕ್ಕಳಿರುವ ಮನೆಯವರು ಈಗಲೇ ಯೋಚಿಸುವುದು ಒಳ್ಳೆಯದು. ಪದವಿಗೆ ಸೇರಲು ವಿಜ್ಞಾನ ವಿಷಯಗಳನ್ನು ತೆಗೆದುಕೊಂಡಿರಬೇಕು.

ಕಾಲೇಜಿನ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. 1992ರ ಕಾಯ್ದೆಯಡಿ ಬಂದ ಈ ಪರಿಷತ್ತನ್ನು ಆರ್.ಸಿ.ಐ. ಎನ್ನುತ್ತಾರೆ. ಅದರ ಕೇಂದ್ರ ಪುನರ್ವಸತಿ ದಾಖಲೆ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಈ ವೃತ್ತಿ ನಡೆಸುವ ಹಕ್ಕು. ಮಾನ್ಯತೆಯಿಲ್ಲದ ಕಡೆ ದುಡ್ಡು ಕಟ್ಟಿ ಪದವಿ ಪಡೆದರೆ ನೋಂದಣಿ ಸಿಗುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಪರಿಷತ್ತಿನ ಜಾಲತಾಣದಲ್ಲೇ ಇದೆ.

ಎಲ್ಲೆಲ್ಲಿ ಓದಬಹುದು?

ಕನ್ನಡದವರಿಗೆ ಮೊದಲು ನೆನಪಾಗುವುದು ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಜನರ ಬಾಯಲ್ಲಿ ಅದು ಆಯಿಷ್. 1965ರಲ್ಲಿ ಶುರುವಾದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದ್ದು, ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾನಿಲಯ. ಕನ್ನಡ ಮಾತಿನ ಪರೀಕ್ಷಾ ಸಾಧನಗಳು ಬಹಳಷ್ಟು ಸಿದ್ಧವಾದದ್ದು ಇಲ್ಲಿಯೇ.

ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಮಣಿಪಾಲದಲ್ಲಿ ಮಾಹೆ ಇವೆ. ಕೇರಳದವರಿಗೆ ತಿರುವನಂತಪುರದ ನಿಶ್, ತಮಿಳುನಾಡಿನವರಿಗೆ ಚೆನ್ನೈ ಪೋರೂರಿನ ಶ್ರೀ ರಾಮಚಂದ್ರ, ಮಹಾರಾಷ್ಟ್ರದವರಿಗೆ ಪುಣೆಯ ಭಾರತಿ ವಿದ್ಯಾಪೀಠ ಮತ್ತು ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಹತ್ತಿರ. ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಸಿಕಂದರಾಬಾದಿನಲ್ಲಿದ್ದು, ತೆಲಂಗಾಣ ಮತ್ತು ಆಂಧ್ರದ ಸದಸ್ಯರು ಅಲ್ಲಿಯೂ ವಿಚಾರಿಸಬಹುದು. ಯಾವ ವರ್ಷ ಯಾವ ಶಾಖೆಗೆ ಎಷ್ಟು ಸೀಟು ಎಂಬುದು ಆಯಾ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲಿ ಇರುತ್ತದೆ. ಒಂದೇ ಕಡೆ ನೆಚ್ಚಿಕೊಳ್ಳದೆ ಮೂರು ನಾಲ್ಕು ಕಡೆ ಅರ್ಜಿ ಹಾಕಿ.

ಪ್ರವೇಶ ಪರೀಕ್ಷೆ

ಆಯಿಷ್‌ಗೆ ಪ್ರವೇಶ ಪರೀಕ್ಷೆಯ ಮೂಲಕವೇ ಸೇರಬೇಕು. ಪ್ರಶ್ನೆಗಳು ಬಿ.ಎ.ಎಸ್.ಎಲ್.ಪಿ. ಪಾಠಗಳಿಂದಲೇ ಬರುತ್ತವೆ. ಕೊನೆಯ ವರ್ಷದ ಇಂಟರ್ನ್‌ಶಿಪ್ಪಿನಲ್ಲಿ ಓದು ಬಿಟ್ಟುಹೋಗುವುದೇ ಹೆಚ್ಚು. ಮೊದಲ ವರ್ಷದ ಅಂಗರಚನೆ, ಧ್ವನಿಶಾಸ್ತ್ರ, ಭಾಷಾಶಾಸ್ತ್ರದ ನೋಟ್ಸುಗಳನ್ನು ಹರಿದು ಹಾಕದೆ ಇಟ್ಟುಕೊಂಡವರಿಗೆ ಆಗ ಅನುಕೂಲ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಹಳೆಯ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ಅಭ್ಯಾಸ ಮಾಡಬೇಕು.

ವಯನಾಡು ಮತ್ತು ನೀಲಗಿರಿಯ ಮಕ್ಕಳಿಗೆ ಒಂದು ಎಚ್ಚರಿಕೆ. ಮೈಸೂರಿಗೆ ಬರುವ ಬಂಡೀಪುರ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ. ಪರೀಕ್ಷೆ ಅಥವಾ ಕೌನ್ಸೆಲಿಂಗ್ ಮೈಸೂರಿನಲ್ಲಿದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ.

ಪ್ರಮಾಣಪತ್ರಗಳು: ನಮ್ಮವರು ಎಡವುವ ಜಾಗ

ಅಂಕ ಚೆನ್ನಾಗಿದ್ದೂ ಕಾಗದದ ಕಾರಣಕ್ಕೆ ಸೀಟು ಕಳೆದುಕೊಳ್ಳುವುದು ದೊಡ್ಡ ನಷ್ಟ. ಗಡಿನಾಡಿನವರು ಮುಖ್ಯವಾಗಿ ನಾಲ್ಕು ವಿಷಯ ಗಮನಿಸಬೇಕು.

ಒಂದು, ಹೆಸರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಮನೆಹೆಸರು, ಪದವಿಯಲ್ಲಿ ಅಪ್ಪನ ಹೆಸರು ಹೀಗೆ ಮೂರು ಬಗೆ ಇರುವುದುಂಟು. ಮಲಯಾಳಂ, ಮರಾಠಿ ಅಥವಾ ತಮಿಳಿನಿಂದ ಇಂಗ್ಲಿಷಿಗೆ ಬರೆಯುವಾಗ ಅಕ್ಷರವೂ ಬದಲಾಗಿರುತ್ತದೆ. ಹತ್ತನೇ ತರಗತಿಯ ಹೆಸರನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಮೊದಲೇ ಸರಿಪಡಿಸಿಕೊಳ್ಳಿ.

ಎರಡು, ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ ನೆಂಟರಿಗೆ ಸಿಕ್ಕ ವರ್ಗವೇ ನಮಗೂ ಎಂದು ಬರೆಯಬಾರದು. ಕೇಂದ್ರದ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ನಮ್ಮ ರಾಜ್ಯದ ಕೇಂದ್ರ ಪಟ್ಟಿಯಲ್ಲಿ ಜಾತಿಯ ಹೆಸರು ಇರಬೇಕು. ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು, ಕೆನೆಪದರಕ್ಕೆ ಸೇರಿಲ್ಲ ಎಂಬ ಮಾತು ಅದರಲ್ಲಿ ಇರಬೇಕು. ತಹಶೀಲ್ದಾರ್ ಕಚೇರಿಯಲ್ಲಿ ರಾಜ್ಯದ ನಮೂನೆಯನ್ನೇ ಕೊಟ್ಟುಬಿಡುವುದುಂಟು. ಕೇಂದ್ರದ ನಮೂನೆ ಎಂದು ಬಾಯಿಬಿಟ್ಟು ಕೇಳಬೇಕು.

ಮೂರು, ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರ. ಇದಕ್ಕೆ ಹಣಕಾಸು ವರ್ಷದ ಲೆಕ್ಕ. ಕಳೆದ ವರ್ಷದ್ದನ್ನು ಇಟ್ಟುಕೊಂಡು ಹೋದರೆ ವಾಪಸು ಕಳಿಸುತ್ತಾರೆ. ಏಪ್ರಿಲ್ ಬಂದ ಕೂಡಲೇ ಹೊಸದಕ್ಕೆ ಅರ್ಜಿ ಕೊಡಿ.

ನಾಲ್ಕು, ಗಡಿನಾಡು ಕನ್ನಡಿಗ ಪ್ರಮಾಣಪತ್ರ. ಕರ್ನಾಟಕದ ಸಿಇಟಿ ಸೀಟಿಗೆ ಬಳಸುವ ಈ ಪತ್ರ ಎಲ್ಲ ಸಂಸ್ಥೆಗೂ ಸಲ್ಲುತ್ತದೆ ಎಂದು ತಿಳಿದು ಕೂರಬೇಡಿ. ಆಯಾ ಪ್ರಾಸ್ಪೆಕ್ಟಸ್ಸಿನಲ್ಲಿ ಅದರ ಉಲ್ಲೇಖ ಇದ್ದರೆ ಮಾತ್ರ ಲಗತ್ತಿಸಿ.

ಇವಲ್ಲದೆ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾನಿಲಯದವರಿಗೆ ಮೈಗ್ರೇಷನ್ ಪತ್ರ ಬೇಕಾಗುತ್ತವೆ. ಎರಡೆರಡು ಜೆರಾಕ್ಸ್ ಸೆಟ್ ಮಾಡಿಸಿ ಇಡಿ. ಮೂಲ ಪತ್ರಗಳನ್ನು ಯಾರ ಕೈಗೂ ರಶೀದಿ ಇಲ್ಲದೆ ಕೊಡಬೇಡಿ.

ಯಾಕೆ ಈ ಓದು ಎಂದು ಕೇಳಿದರೆ

ಕೆಲವು ಕಡೆ ಸಂದರ್ಶನ ಇರುತ್ತದೆ, ಕೆಲವು ಕಡೆ ಉದ್ದೇಶ ಪತ್ರ ಬರೆಯಿಸುತ್ತಾರೆ. ಸಮಾಜ ಸೇವೆ ಮಾಡುತ್ತೇನೆ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಮಕ್ಕಳ ಹತ್ತಿರ ಅದಕ್ಕಿಂತ ಗಟ್ಟಿಯಾದ ಮಾತು ಇದೆ. ತಾಳವಾಡಿ ಕಡೆಯ ಮಗು ಹಾಲಿಗೆ ‘ಆಲು’ ಎಂದರೆ ಅದು ದೋಷವಲ್ಲ, ಆ ಮನೆಯ ಮಾತೇ ಹಾಗೆ. ಮಹಾಪ್ರಾಣ ಅಕ್ಷರವನ್ನು ಅಲ್ಪಪ್ರಾಣವಾಗಿ ಹೇಳುವುದೂ ಹಾಗೆಯೇ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡವನ್ನು ಮೈಸೂರಿನ ಕನ್ನಡದ ಅಳತೆಗೋಲಿನಲ್ಲಿ ಅಳೆದರೆ ಸರಿಯಾಗಿ ಮಾತಾಡುವ ಮಗುವಿಗೂ ತೊಂದರೆ ಇದೆ ಎಂದು ಬರೆದುಬಿಡಬಹುದು. ಅದೇ ಪುಸ್ತಕದ ಕನ್ನಡವನ್ನಷ್ಟೇ ಬಲ್ಲವರು ನಿಜವಾದ ತೊಂದರೆಯನ್ನು ಊರಿನ ಮಾತು ಎಂದು ಬಿಟ್ಟುಬಿಡಲೂಬಹುದು. ಭೇದ ಯಾವುದು, ದೋಷ ಯಾವುದು ಎಂದು ಬಿಡಿಸಿ ನೋಡುವುದು ಈ ಶಾಸ್ತ್ರದ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವುದು, ಇಂಟರ್ನ್‌ಶಿಪ್ಪಿನಲ್ಲಿ ಇಂಥ ಮಕ್ಕಳನ್ನು ನೋಡಿದಾಗ ಏನು ಕಲಿತೆ ಎಂದು ಉಳ್ಳದ್ದನ್ನು ಉಳ್ಳ ಹಾಗೆ ಬರೆದರೆ ಸಾಕು. ಎಂ.ಎಸ್ಸಿ. ಪ್ರಬಂಧಕ್ಕೂ ಇಲ್ಲಿಯೇ ವಿಷಯ ಸಿಗುತ್ತದೆ.

ಹೊರದೇಶಕ್ಕೆ ಹೋಗುವವರಿಗೆ

ಅಮೆರಿಕದಲ್ಲಿ ಈ ವೃತ್ತಿಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಅಲ್ಲಿನ ವೃತ್ತಿ ಸಂಘವಾದ ಆಶಾದ ಪ್ರಮಾಣಪತ್ರಕ್ಕೆ 400 ಗಂಟೆಗಳ ಕ್ಲಿನಿಕ್ ಅನುಭವ ಕೇಳುತ್ತಾರೆ. ಅದರಲ್ಲಿ 25 ಗಂಟೆ ನೋಡಿ ಕಲಿಯುವುದು, 375 ಗಂಟೆ ನೇರ ಕೆಲಸ. ಆಮೇಲೆ ಪ್ರಾಕ್ಸಿಸ್ ಪರೀಕ್ಷೆ ಇದೆ, ಪದವಿಯ ನಂತರ ಕನಿಷ್ಠ 36 ವಾರಗಳ ಮೇಲ್ವಿಚಾರಣೆಯ ಕೆಲಸವಿದೆ. ಬೇರೆ ವಿಷಯದಲ್ಲಿ ಪದವಿ ಪಡೆದವರೂ ಕೆಲವು ಪೂರ್ವ ಪಾಠಗಳನ್ನು ಮುಗಿಸಿ ಅಲ್ಲಿ ಸೇರಬಹುದು. ಬ್ರಿಟನ್ನಿನಲ್ಲಿ ಕೆಲಸ ಮಾಡಲು ಎಚ್.ಸಿ.ಪಿ.ಸಿ. ಎಂಬ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಇಲ್ಲಿ ಓದುವಾಗಲೇ ಕ್ಲಿನಿಕ್ ಗಂಟೆಗಳ ಲೆಕ್ಕವನ್ನು ಮೇಲ್ವಿಚಾರಕರ ಸಹಿಯೊಡನೆ ಇಟ್ಟುಕೊಂಡವರಿಗೆ ಮುಂದೆ ಪರದಾಟ ತಪ್ಪುತ್ತದೆ.

ಸಂಘದಿಂದ

ಅರ್ಜಿ ಹಾಕುವ ಮಕ್ಕಳು ಕಾಗದಪತ್ರಗಳನ್ನು ಕಳಿಸುವ ಮುನ್ನ ಸಂಘದ ಕಚೇರಿಗೆ ತಂದರೆ ಹೆಸರು, ತಾರೀಖು, ನಮೂನೆ ಎಲ್ಲವನ್ನೂ ನೋಡಿಕೊಡುತ್ತೇವೆ. ಅದಕ್ಕೆ ಶುಲ್ಕವಿಲ್ಲ. ಕೊನೆಯ ದಿನಾಂಕದ ಹಿಂದಿನ ಸಂಜೆ ಬರಬೇಡಿ, ಹದಿನೈದು ದಿನ ಮೊದಲೇ ಬನ್ನಿ. ಓದಿ ಬಂದವರಿಗೆ ನಮ್ಮದು ಒಂದೇ ಕೋರಿಕೆ: ಎಲ್ಲಿ ಕೆಲಸಕ್ಕಿದ್ದರೂ ತಿಂಗಳಿಗೊಂದು ಭಾನುವಾರ ನಿಮ್ಮ ಗಡಿಯ ಊರಿಗೆ ಬಂದು ಕುಳಿತುಕೊಳ್ಳಿ. ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಕಾರ್ಯದರ್ಶಿ