ಊರು ಬಿಟ್ಟವರು ಸೋತವರೇ? 1858ರ ಸುರಪುರದ ಬೇಡ ಪಡೆ

1858ರ ಫೆಬ್ರವರಿ 7ರ ರಾತ್ರಿ, ಲಿಂಗಸೂಗೂರಿನಿಂದ ಬಂದು ಸುರಪುರದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಕ್ಯಾಪ್ಟನ್ ವಿಂಡಮ್‌ನ ಪಡೆಯ ಮೇಲೆ ಸಂಸ್ಥಾನದ ದೊರೆ ರಾಜಾ ವೆಂಕಟಪ್ಪನಾಯಕನ ಜನ ಎರಗಿದರು. ಮರುದಿನದ ಕಾದಾಟದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟುವರ್ಟ್ ಮಾರಣಾಂತಿಕವಾಗಿ ಗಾಯಗೊಂಡ. 9ರ ಹೊತ್ತಿಗೆ ಊರು ಬರಿದಾಗಿತ್ತು. ಇದನ್ನು ದೊರೆಯ ಬೇಡ ಪಡೆಯ ಪಲಾಯನವೆಂದು ಓದುವುದು ಸರಿಯಲ್ಲ ಎಂಬುದು ನನ್ನ ವಾದ.

ದೊರೆಯ ಬಳಿ ಸಂಬಳದ ಅರಬರೂ ರೋಹಿಲರೂ ಇದ್ದರು. ಬೇಡರ ಮಾತು ಬೇರೆ. ವಂಶಪಾರಂಪರ್ಯವಾಗಿ ಬಂದ ಭೂಮಿಯನ್ನುಣ್ಣುತ್ತ, ಕರೆ ಬಂದಾಗ ಮನೆಯ ಆಯುಧ ಹಿಡಿದು ತಮ್ಮ ನಾಯಕರ ಹಿಂದೆ ಕೂಡುತ್ತಿದ್ದ ಕಾಲಾಳುಗಳು ಅವರು. ಅವರನ್ನು ಕಟ್ಟಿ ನಿಲ್ಲಿಸುತ್ತಿದ್ದುದು ಕುಲದ ನಂಟು ಮತ್ತು ದೊರೆಯ ಮೇಲಿನ ನಿಷ್ಠೆ. ಕೋಟೆ ಅವರಿಗೆ ಒಂದು ತಾಣ ಮಾತ್ರ.

ಇದಕ್ಕೆ ಸುರಪುರದ ನಾಯಕರ ಹಿಂದಿನ ಕೋಟೆ ವಾಗಣಗೇರಾದ 1705ರ ಮುತ್ತಿಗೆ ಸಾಕ್ಷಿ. ಔರಂಗಜೇಬ ಖುದ್ದಾಗಿ ಮುತ್ತಿದ ಕೊನೆಯ ಕೋಟೆಯದು. ಮುಪ್ಪಿನ ಬಾದಶಹ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಅಲ್ಲಿ ಕಾದುಕುಳಿತ. ಮರಾಠರೂ ಅಂದಿನ ದೊರೆ ಪಿಡ್ಡನಾಯಕನ ನೆರವಿಗೆ ಬಂದರು. ಕಡೆಗೆ ನಾಯಕ ತನ್ನವರೊಂದಿಗೆ ಕತ್ತಲಲ್ಲಿ ಹೊರಬಿದ್ದ. ಮೊಗಲರಿಗೆ ದಕ್ಕಿದ್ದು ಉರಿಯುವ ಮನೆಗಳು. ಕೋಟೆ ಹೋಯಿತು, ನಾಯಕನೂ ಪಡೆಯೂ ಉಳಿದರು, ಸಂಸ್ಥಾನವೂ ಉಳಿಯಿತು. ಊರು ಬಿಡುವುದು ಈ ಪಡೆಗೆ ಯುದ್ಧದ ಒಂದು ಪಟ್ಟು.

1858ರಲ್ಲಿ ಆ ಪಟ್ಟಿಗೆ ಬಲ ಬರಲಿಲ್ಲ, ಏಕೆಂದರೆ ದೊರೆ ತನ್ನ ಬೆಟ್ಟಗಳಲ್ಲಿ ಉಳಿಯದೆ ಹೈದರಾಬಾದಿಗೆ ಹೋದ. ಅಲ್ಲಿ ಸೆರೆಸಿಕ್ಕವನನ್ನು ನಿಜಾಮನ ದಿವಾನ ಸಾಲಾರ್‌ಜಂಗ್ ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಕರೆ ಕೊಡುವವನೇ ಇಲ್ಲದ ಮೇಲೆ ಪಡೆ ಮತ್ತೆ ಕೂಡುವುದು ಹೇಗೆ? ಬೇಡರ ಧೈರ್ಯವನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೇ ಅಳೆಯಬೇಕು.

ದೊರೆಯ ಧೈರ್ಯಕ್ಕೂ ಸಾಕ್ಷ್ಯವಿದೆ. ವೆಂಕಟಪ್ಪನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡ. ದೊರೆ ಟೇಲರ್‌ನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ದಂಗೆಗೆ ಪ್ರಚೋದಿಸಿದವರ ಹೆಸರು ಹೇಳಿದರೆ ಜೀವ ಉಳಿಯಬಹುದೆಂಬ ಮಾತು ಬಂತು, ದೊರೆ ಹೇಳಲಿಲ್ಲ. ಕಳ್ಳನಂತೆ ನೇಣಿಗೇರಿಸುವ ಬದಲು ತೋಪಿನ ಬಾಯಿಗೆ ಕಟ್ಟಿರೆಂದು ಕೇಳಿಕೊಂಡ. ಟೇಲರ್ ಅಧಿಕಾರಿಗಳ ಕಡೆಯವನಾದರೂ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಆದ್ದರಿಂದ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು. ದೊರೆಗೆ ವಿಧಿಸಿದ್ದ ಮರಣದಂಡನೆ ಇಳಿದು ಚೆಂಗಲ್ಪಟ್ಟು ಕೋಟೆಯಲ್ಲಿ 4 ವರ್ಷದ ಬಂಧನವಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ದೊರೆ ಗುಂಡಿನಿಂದ ಸತ್ತ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.